ಗ್ರಾಮಸಭೆಯ ಮೈಕು ಹಿಂದಿನ ಸಾಲಿಗೂ ಬರಲಿ

ಮಾನ್ಯ ಸಂಪಾದಕರೇ,

ಅಂಕೋಲಾ ತಾಲೂಕಿನ ನಮ್ಮ ಊರಿನ ಗ್ರಾಮಸಭೆ ಈಗೀಗ ನಡೆಯುವ ಪರಿಯನ್ನು ನೋಡಿದರೆ, ಜನ ಅಲ್ಲಿ ಸೇರುವುದು ಮಾತನಾಡುವುದಕ್ಕಲ್ಲ, ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಕ್ಕೆ ಎನಿಸುತ್ತದೆ. ಕಳೆದ ಸಲ ಹಿಂದಿನ ಸಾಲಿನಲ್ಲಿದ್ದ ಹಾಲಕ್ಕಿ ಹೆಣ್ಣುಮಗಳೊಬ್ಬರು ಎದ್ದು, ತಮ್ಮ ಕೊಪ್ಪದ (ಹಾಲಕ್ಕಿ ಕೇರಿಯ) ಹಾದಿಯ ಕಾಲುಸಂಕ ಮಳೆಗಾಲದಲ್ಲಿ ಮುಳುಗುವುದನ್ನೂ ಮಕ್ಕಳು ಶಾಲೆ ತಪ್ಪಿಸಿಕೊಳ್ಳುವುದನ್ನೂ ಹೇಳತೊಡಗಿದರು. ಅವರ ಮಾತಿನ ಧಾಟಿಗೆ ಮುಂದಿನ ಕುರ್ಚಿಗಳಲ್ಲಿ ನಗು ಎದ್ದಿತು. ‘ಅರ್ಜಿ ಬರೆದು ಕೊಡಿ, ನೋಡುವಾ’ ಎಂಬ ಉತ್ತರ ಬಂತು. ಮೈಕು ವೇದಿಕೆಗೆ ಮರಳಿತು. ಅವರು ಕೂತವರು ಮತ್ತೆ ಏಳಲಿಲ್ಲ. ನಗಬೇಡಿ ಎಂಬ ಒಂದು ಮಾತು ವೇದಿಕೆಯಿಂದ ಬಂದಿದ್ದರೆ ಸಾಕಿತ್ತು.

ಇದೇ ಸಮುದಾಯದ, ಇದೇ ತಾಲೂಕಿನ ತುಳಸಿ ಗೌಡ ಮತ್ತು ಸುಕ್ರಿ ಬೊಮ್ಮಗೌಡ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಶಾಲೆಯ ಮೆಟ್ಟಿಲು ಹತ್ತದ ತುಳಸಿ ಗೌಡರು ಕಾಡಿನ ಬೀಜ, ಸಸಿಗಳ ಬಗ್ಗೆ ಹೇಳಿದ್ದನ್ನು ಅರಣ್ಯಾಧಿಕಾರಿಗಳೂ ಕಿವಿಗೊಟ್ಟು ಕೇಳಿದರು. ಸುಕ್ರಜ್ಜಿ ಹಾಡಿಗೆ ಎತ್ತಿದ ದನಿಯನ್ನೇ ಸಾರಾಯಿಯ ವಿರುದ್ಧವೂ ಎತ್ತಿದರು. ಸನ್ಮಾನದ ಶಾಲು ಹೊದಿಸಲು ಮುಗಿಬೀಳುವ ನಮಗೆ, ಪ್ರಶಸ್ತಿ ಬಾರದವರ ಎರಡು ನಿಮಿಷದ ಮಾತು ಮಾತ್ರ ಭಾರವಾಗುವುದು ವಿಚಿತ್ರ.

ಹಾಲಕ್ಕಿಗಳ ಕನ್ನಡ, ಹವ್ಯಕರ ಕನ್ನಡ, ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿಗಳು ಮನೆಯಲ್ಲಾಡುವ ಕೊಂಕಣಿ, ಇವೆಲ್ಲ ಒಂದೇ ಜಿಲ್ಲೆಯಲ್ಲಿವೆ. ಮೀನು ಮಾರುಕಟ್ಟೆಯಲ್ಲಿ ಚೌಕಾಸಿಗೆ ಯಾರ ಮಾತೂ ಅಡ್ಡಿಯಾಗುವುದಿಲ್ಲ. ಸಭೆಯಲ್ಲಿ ಮಾತ್ರ ಅದು ನಗೆಪಾಟಲಿಗೆ ಈಡಾಗುತ್ತದೆ. ಎಲ್ಲರೂ ಒಪ್ಪಲೇಬೇಕೆಂದು ನಾನು ಹೇಳುತ್ತಿಲ್ಲ. ಕಾಲುಸಂಕಕ್ಕಿಂತ ಚರಂಡಿ ಮೊದಲಾಗಬೇಕೆಂದು ಯಾರಾದರೂ ವಾದಿಸಲಿ, ಏರುದನಿಯಲ್ಲೇ ವಾದಿಸಲಿ. ಆದರೆ ವಾದ ಕೆಲಸದ ಮೇಲಿರಲಿ, ಮಾತನಾಡಿದವರ ಜಾತಿ, ಕೇರಿ, ಉಚ್ಚಾರಣೆಗಳ ಮೇಲೆ ಬೇಡ.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅರಣ್ಯ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ನಿಯಮಗಳ ಪ್ರಕಾರ ಅದರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬಂದಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಆದರೆ ಕೋರಂ ತಲೆಯನ್ನು ಎಣಿಸುತ್ತದೆಯೇ ಹೊರತು, ಬಂದವರಲ್ಲಿ ಎಷ್ಟು ಮಂದಿ ಬಾಯಿ ತೆರೆದರೆಂದು ಕೇಳುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಬುಟ್ಟಿಯ ಮೀನು ಖಾಲಿಯಾಗದ ಹೆಂಗಸರು ಬರುವುದಾದರೂ ಹೇಗೆ?

ಆದ್ದರಿಂದ ಮುಂದಿನ ಗ್ರಾಮಸಭೆಯನ್ನು ಮಧ್ಯಾಹ್ನದ ಮೇಲೆ ಕರೆಯಬೇಕು, ವೇದಿಕೆಯ ಭಾಷಣಗಳಿಗಿಂತ ಮೊದಲು ಹಿಂದಿನ ಸಾಲಿನವರಿಗೆ ಮೈಕು ಕೊಡಬೇಕು, ಬಾಯಿಮಾತಿನ ದೂರನ್ನೂ ನಡಾವಳಿಯಲ್ಲಿ ಬರೆದುಕೊಂಡು ಸಭೆ ಮುಗಿಯುವ ಮುನ್ನ ಓದಿ ಹೇಳಬೇಕು ಎಂದು ಪಂಚಾಯತಿಯವರಲ್ಲಿ ವಿನಂತಿಸುತ್ತೇನೆ. ಸಹಿ ಪಡೆಯುವುದು ಅದಾದ ಮೇಲೆ.

— ಓದುಗ, ಅಂಕೋಲಾ