ಸಿಂಕ್ ಕೆಳಗೆ ಒಮ್ಮೆ ಬಗ್ಗಿ ನೋಡು

ಚಿ. ಸೌ. ಪುಟ್ಟಿಗೆ, ದೊಡ್ಡಪ್ಪನ ಆಶೀರ್ವಾದಗಳು.

ಹೊಸ ಮನೆಗೆ ಹೋಗಿ ಆರು ತಿಂಗಳಾಗಿಲ್ಲ, ಆಗಲೇ ಮೂರು ಸಲ ಔಷಧಿ ಹೊಡೆಸಿದ್ದೀಯಂತೆ. ಆದರೂ ರಾತ್ರಿ ಅಡುಗೆಮನೆಯ ದೀಪ ಹಾಕಿದರೆ ಜಿರಲೆ ಓಡುತ್ತವೆ ಅಂದೆ. ಓಡದೆ ಇನ್ನೇನು? ಬರುವ ದಾರಿ ಬಿಟ್ಟು ಬಂದವನ್ನು ಮಾತ್ರ ಕೊಲ್ಲುತ್ತಿದ್ದರೆ ಔಷಧಿಯವನಿಗೆ ವರ್ಷವಿಡೀ ಕೆಲಸ. ಹೊಡೆಸುವುದು ಕೊನೆಗಿರಲಿ ಕಣಮ್ಮ, ಮೊದಲು ಸಂದು ಮುಚ್ಚು.

ಟಾರ್ಚ್ ಹಿಡಿದು ಸಿಂಕ್ ಕೆಳಗೆ ಬಗ್ಗಿ ನೋಡು. ಮೇಲಿಂದ ಇಳಿಯುವ ಬಿಳಿ ಸುರುಳಿ ಪೈಪನ್ನು ನೆಲದ ಪಿವಿಸಿ ಪೈಪಿನೊಳಗೆ ಸುಮ್ಮನೆ ತುರುಕಿರುತ್ತಾರೆ. ಒಳಗಿನದು ಒಂದೂಕಾಲು ಇಂಚು, ಹೊರಗಿನದು ಎರಡು ಇಂಚು ಅಂದುಕೋ. ಸುತ್ತ ಉಳಿಯುವ ಸಂದು ಜಿರಲೆಗೆ ರಾಜಬೀದಿ. ನೀರು ಸರಾಗವಾಗಿ ಹೋದರೆ ಪ್ಲಂಬರನ ಕೆಲಸ ಮುಗಿಯಿತು, ಸಂದು ಅವನ ಲೆಕ್ಕಕ್ಕೆ ಬರುವುದಿಲ್ಲ. ಕೆಂಗಂದು ಬಣ್ಣದ, ಒಂದೂವರೆ ಇಂಚಿನ ದೊಡ್ಡ ಜಿರಲೆ ಹೊರಗಿನ ಚರಂಡಿ ಚೇಂಬರಿನಿಂದ ಹತ್ತಿ ಬರುವುದು ಇಂಥ ಕಡೆಯಿಂದಲೇ. ಇದಕ್ಕೆ ರಬ್ಬರ್ ಬುಷ್, ಅಂದರೆ ಸಂದು ತುಂಬುವ ರಬ್ಬರ್ ಬಳೆ, ಹಾಕಬೇಕು. ಎಂ-ಸೀಲ್ ಅನ್ನುವ ಗಟ್ಟಿಯಾಗುವ ಅಂಟು ಮೆತ್ತಿದರೂ ನಿಲ್ಲುತ್ತದೆ, ಆದರೆ ಅದರ ಎರಡೂ ಉಂಡೆ ಸಮ ತೆಗೆದುಕೊಂಡು ಒಂದೇ ಬಣ್ಣ ಬರುವವರೆಗೆ ನಾದಬೇಕು, ಪೈಪು ಒಣಗಿರಬೇಕು. ಒದ್ದೆಯ ಮೇಲೆ ಮೆತ್ತಿದ್ದು ವಾರದೊಳಗೆ ಕಳಚಿಕೊಳ್ಳುತ್ತದೆ. ಪೈಪು ಕಟ್ಟಿಕೊಂಡಾಗ ಒಡೆದೇ ತೆಗೆಯಬೇಕಾಗುತ್ತದೆ ಅನ್ನುವುದೂ ನೆನಪಿರಲಿ. ನನ್ನ ಮತ ಬುಷ್‌ಗೇ.

ಬಚ್ಚಲಿನ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದಲ್ಲ, ಅದರಲ್ಲಿ ಸದಾ ನಿಂತಿರುವ ಎರಡಿಂಚು ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ನಿಮ್ಮ ಮಹಡಿಯ ಅತಿಥಿ ಕೋಣೆಯ ಬಚ್ಚಲು ಯಾರೂ ಬಳಸುವುದಿಲ್ಲ. ಬೇಸಿಗೆಯಲ್ಲಿ ಆ ನೀರು ಆರುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ವಾಸನೆಯೂ ಬರುತ್ತದೆ. ವಾರಕ್ಕೊಂದು ಚೊಂಬು ನೀರು ಹಾಕು. ತಿಂಗಳುಗಟ್ಟಲೆ ಊರಿಗೆ ಹೋಗುವುದಾದರೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡು, ಬೇಗ ಆರುವುದಿಲ್ಲ.

ಇನ್ನು ಅರ್ಧ ಇಂಚಿನ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಸಣ್ಣ ಜಿರಲೆ. ಅದರ ಜಾತಿಯೇ ಬೇರೆ. ಚರಂಡಿಯಿಂದಲ್ಲ, ಅಂಗಡಿಯ ರಟ್ಟಿನ ಡಬ್ಬದ ಮಡಿಕೆಯಲ್ಲಿ, ಹಳೇ ಫ್ರಿಜ್ಜಿನ ಜೊತೆ ಮನೆಗೆ ಬರುತ್ತದೆ. ಫ್ರಿಜ್ ಹಿಂದಿನ ಮೋಟಾರ್ ಹತ್ತಿರ, ಮಿಕ್ಸಿಯ ಅಡಿಯಲ್ಲಿ, ಕಪಾಟಿನ ಕೀಲಿನಲ್ಲಿ ಬೆಚ್ಚಗೆ ಕೂರುತ್ತದೆ. ಹೆಣ್ಣು ತನ್ನ ಮೊಟ್ಟೆಚೀಲವನ್ನು ಮರಿಯಾಗುವ ಹೊತ್ತಿನವರೆಗೂ ಹೊತ್ತುಕೊಂಡೇ ತಿರುಗುತ್ತದೆ. ಒಂದೊಂದರಲ್ಲಿ 30–40 ಮೊಟ್ಟೆ. ಸ್ಪ್ರೇ ಆ ಚೀಲದೊಳಕ್ಕೆ ಇಳಿಯುವುದಿಲ್ಲ, ಉಳಿದವನ್ನು ಪಕ್ಕದ ಕೋಣೆಗೆ ಅಟ್ಟುತ್ತದೆ ಅಷ್ಟೆ. ನಿನ್ನ ಮೂರು ಸಲದ ದುಡ್ಡು ಹೋದದ್ದು ಹೀಗೆ.

ಇದಕ್ಕೆ ಜೆಲ್ ಸರಿ, ಜಿರಲೆ ತಿಂದು ಸಾಯುವ ವಿಷದ ಅಂಟು. ಸಿರಿಂಜಿನಲ್ಲಿ ಬರುತ್ತದೆ. ಫ್ರಿಜ್ಜಿನ ಪ್ಲಗ್ ಕಿತ್ತು, ಹಿಂಭಾಗದಲ್ಲಿ, ಕೀಲುಗಳ ಸಂದಿಯಲ್ಲಿ, ಡ್ರಾಯರಿನ ಒಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ಚುಕ್ಕಿ ಇಡು. ಒಂದೇ ಕಡೆ ದೊಡ್ಡ ಮುದ್ದೆ ಬೇಡ, ಹತ್ತಾರು ಕಡೆ ಚಿಕ್ಕ ಚುಕ್ಕಿ. ತಿಂದದ್ದು ಗೂಡಿಗೆ ಹೋಗಿ ಸಾಯುತ್ತದೆ, ಅದರ ಹಿಕ್ಕೆ, ಹೆಣ ತಿಂದವೂ ಸಾಯುತ್ತವೆ. ಆ ಜಾಗದಲ್ಲಿ ಸ್ಪ್ರೇ, ಫಿನಾಯಿಲ್ ಸೋಕಿಸಬೇಡ. ವಾಸನೆ ಹತ್ತಿದರೆ ಜೆಲ್ಲನ್ನು ಮುಟ್ಟುವುದಿಲ್ಲ. ಆಮೇಲೆ ಒಡೆಯುವ ಮೊಟ್ಟೆಗಳಿಗಾಗಿ ತಿಂಗಳ ನಂತರ ಇನ್ನೊಂದು ಸುತ್ತು. ರಾತ್ರಿ ಸಿಂಕಿನಲ್ಲಿ ಎಂಜಲು ತಟ್ಟೆ ನೆನೆಹಾಕಿ ಮಲಗುವ ಅಭ್ಯಾಸವಿದ್ದರೆ ಜೆಲ್ ತರುವುದೇ ದಂಡ. ಸಾರಿನ ಪಾತ್ರೆ ಇರುವಾಗ ಅದನ್ನು ಯಾವ ಜಿರಲೆ ಮೂಸುತ್ತದೆ!

ಇರುವೆಗೆ ಬೋರಿಕ್ ಪುಡಿ ಸಾಕು, ಕೇರಂ ಬೋರ್ಡಿಗೆ ಹಾಕುತ್ತಿದ್ದರಲ್ಲ ಅದೇ. ಒಂದು ಲೋಟ, ಅಂದರೆ 240 ಎಂ.ಎಲ್. ಬಿಸಿನೀರಿಗೆ ಆರು ಚಮಚ ಸಕ್ಕರೆ, ಬರೀ ಅರ್ಧ ಚಮಚ ಪುಡಿ ಹಾಕಿ ಪೂರ್ತಿ ಕರಗಿಸು. ಹತ್ತಿಯುಂಡೆ ಅದ್ದಿ ಸಾಲಿನ ಪಕ್ಕ ಇಡು. ಬೇಗ ಸಾಯಲಿ ಅಂತ ಪುಡಿ ಜಾಸ್ತಿ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಆಗ ಇರುವೆ ದಾರಿಯಲ್ಲೇ ಸಾಯುತ್ತದೆ, ಗೂಡಿನ ರಾಣಿಗೆ ಒಂದು ಹನಿಯೂ ಮುಟ್ಟುವುದಿಲ್ಲ. ಮೊದಲ ದಿನ ಸಾಲು ದಪ್ಪವಾಗುತ್ತದೆ, ಗಾಬರಿಯಾಗಿ ಒರೆಸಿಬಿಡಬೇಡ. ಪಾಪು ತೆವಳುತ್ತಿದ್ದಾಳೆ, ಹಾಗಾಗಿ ಇದೂ ಜೆಲ್ಲೂ ಅವಳ ಕೈಗೆ ಎಟುಕದ ಕಡೆ ಇರಲಿ. ಇರುವೆ ಚಾಕ್ ಅಂತೂ ಬೇಡವೇ ಬೇಡ. ನೆಲದಲ್ಲಿ ಗೀಚಿದ ವಿಷದ ಮೇಲೆ ಕೈಯೂರಿ, ಅದೇ ಕೈ ಬಾಯಿಗೆ ಹಾಕುತ್ತಾಳೆ.

ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಹಿಂಬಾಗಿಲ ಕೆಳಗೆ, ಎ.ಸಿ. ಪೈಪು, ಕೇಬಲ್ ಹಾಯುವ ತೂತುಗಳಲ್ಲಿ ನೋಡು. ಬಟ್ಟೆ, ಥರ್ಮಾಕೋಲ್, ಫೋಮ್ ಯಾವುದನ್ನು ತುಂಬಿದರೂ ಒಂದೇ ರಾತ್ರಿಯಲ್ಲಿ ಕಡಿದುಹಾಕುತ್ತದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟ್ ಬಳಿಸು. ಬೋನು ಇಡುವುದಾದರೆ ಗೋಡೆಗೆ ಒತ್ತಿ ಇಡು, ಇಲಿ ಕೋಣೆಯ ನಟ್ಟನಡುವೆ ಓಡಾಡುವುದಿಲ್ಲ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಎರಡು ಮೂರು ರಾತ್ರಿ ಬೋನಿನ ಬಾಗಿಲು ಕಟ್ಟಿಹಾಕಿ ಒಳಗೆ ಕೊಬ್ಬರಿ ಚೂರು ಇಟ್ಟು ರುಚಿ ಹತ್ತಿಸಿ, ಆಮೇಲೆ ಬಾಗಿಲು ಬೀಳುವಂತೆ ಇಡು. ಪಾಷಾಣ ಬೇಡ, ಫಾಲ್ಸ್ ಸೀಲಿಂಗ್ ಮೇಲೆ ಹೋಗಿ ಸತ್ತರೆ ಆ ನಾತಕ್ಕೆ ಮದ್ದಿಲ್ಲ.

ಗೆದ್ದಲಿನ ಮಾತು ಅಳಿಯಂದಿರಿಗೂ ಓದಿ ಹೇಳು. ಬಾಗಿಲ ಚೌಕಟ್ಟಿನ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಪೂರ್ತಿ ಕೆರೆಯಬೇಡಿ. ನಡುವೆ ಒಂದಿಂಚು ಮಾತ್ರ ಕಿತ್ತು ಬಿಡಿ. ನಾಲ್ಕು ದಿನದಲ್ಲಿ ಹಸಿಮಣ್ಣಿನ ತೇಪೆ ಬಿದ್ದಿದ್ದರೆ ಒಳಗೆ ಜೀವವಿದೆ ಅಂತ ಖಾತ್ರಿ. ಮರಕ್ಕೆ ಸೀಮೆಎಣ್ಣೆ ಸುರಿದರೆ ಪ್ರಯೋಜನವಿಲ್ಲ, ಗೂಡು ಮಣ್ಣಿನಡಿ ಇರುತ್ತದೆ. ನೆಲ ಗೋಡೆ ಸೇರುವ ಕಡೆ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಔಷಧಿ ಇಳಿಸಬೇಕು. ಕಟ್ಟಿದ ಮನೆಗೆ ಇದನ್ನು ಮಾಡುವ ಕ್ರಮ ಐಎಸ್ 6313 ಅನ್ನುವ ಭಾರತೀಯ ಮಾನಕದ ಮೂರನೇ ಭಾಗದಲ್ಲಿದೆ, ಹಾಗೆಯೇ ಮಾಡುತ್ತೀರಾ ಅಂತ ಔಷಧಿಯವನನ್ನು ಕೇಳಿ ಆಮೇಲೆ ಮುಂಗಡ ಕೊಡಲಿ.

ಸೊಳ್ಳೆಗೆ ಹೊರಗಿನ ಚರಂಡಿಯನ್ನೇ ಬಯ್ಯಬೇಡ, ಫ್ರಿಜ್ ಹಿಂದೆ ನೀರು ನಿಲ್ಲುವ ತಟ್ಟೆಯನ್ನೂ ಎಳೆದು ನೋಡು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಮಳೆ ಹಿಡಿಯುವ ಮುಂಚೆ ಪೈಪಿನ ಕೆಲಸ ಮುಗಿಸು. ಬುಷ್ ತರಲು ಹೋಗುವಾಗ ಎರಡೂ ಪೈಪಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗು, ಆಗದಿದ್ದರೆ ಫೋಟೋ ತೆಗೆದುಕೊ. ಬರೀ ‘ಸಿಂಕ್ ಬುಷ್’ ಅಂದರೆ ಅಂಗಡಿಯವನು ಕೈಗೆ ಸಿಕ್ಕಿದ್ದು ಕೊಡುತ್ತಾನೆ.

ಇಂತಿ,
ನಿನ್ನ ದೊಡ್ಡಪ್ಪ