ಹೈಡ್ರೋಫಾಯಿಲ್ ತರಿಸುವವರ ಗಮನಕ್ಕೆ

ಮಲ್ಪೆಯ ದೋಣಿ ಬಂಧುಗಳಿಗೆ ನಮಸ್ಕಾರ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಜೋಡಿಸುವ ಹೈಡ್ರೋಫಾಯಿಲ್ ರೆಕ್ಕೆಗಳನ್ನು ಒಟ್ಟಾಗಿ ತರಿಸಲಿದ್ದೇವೆ. ಬೇಕಾದವರು ಭಾನುವಾರ ಸಂಜೆಯೊಳಗೆ ಎಂಜಿನ್ ಮಾದರಿ, ಅಶ್ವಶಕ್ತಿ ಮತ್ತು ರೆಕ್ಕೆ ಕೂರಿಸಬೇಕಾದ, ಪ್ರೊಪೆಲ್ಲರ್ ಮೇಲಿನ ಚಪ್ಪಟೆ ತಟ್ಟೆಯ ಫೋಟೋವನ್ನು ಇಲ್ಲಿ ಹಾಕಿ.

ಪ್ರವಾಸಿಗರು ಹಿಂದೆ ಕುಳಿತೊಡನೆ ಮೂತಿ ಮೇಲೆದ್ದು ಎದುರಿನ ಅಲೆಯೇ ಕಾಣದಂತಾಗುವ ದೋಣಿಗಳಿಗೆ ಇದು ನಿಜಕ್ಕೂ ಉಪಯುಕ್ತ. ರೆಕ್ಕೆ ಹಿಂಭಾಗವನ್ನು ಎತ್ತುತ್ತದೆ. ಕಡಿಮೆ ವೇಗದಲ್ಲೂ ದೋಣಿ ನೀರಿನ ಮೇಲೆ ಜಾರುತ್ತದೆ. ಆದರೆ ಮೊದಲು ಭಾರವನ್ನು ಮುಂದಕ್ಕೆ ಸರಿಸಿ, ಟ್ರಿಮ್ ಒಳಕ್ಕೆ ತಂದು, ಅಂದರೆ ಪ್ರೊಪೆಲ್ಲರ್ ದೋಣಿಯತ್ತ ಬರುವಂತೆ ಎಂಜಿನ್ ವಾಲಿಸಿ ನೋಡಿ. ಅಷ್ಟಕ್ಕೇ ಸರಿಹೋದರೆ ದುಡ್ಡು ಉಳಿಯಿತು.

ವಾರಂಟಿ ಇರುವವರು ದಯವಿಟ್ಟು ತಟ್ಟೆಗೆ ತೂತು ಕೊರೆಯಬೇಡಿ, ಕೊರೆಯದೆ ಬಿಗಿಯುವ ಮಾದರಿಯನ್ನೇ ಕೇಳಿ. ಉಳಿದವರು ಕೊರೆದ ಅಂಚಿಗೆ ಬಣ್ಣ ಬಳಿಯಲೇಬೇಕು. ಉಪ್ಪುನೀರು ಬರಿಯ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬೇಡದವರೂ ‘ಬೇಡ’ ಎಂದು ತಿಳಿಸಿ.