ಜಿನೀವಾದಲ್ಲಿ ತೂಗಾಡುತ್ತಿರುವ ಕಬ್ಬಿನ ಕೇಸು: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಬಾಗಲಕೋಟೆ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ,

ಶರಣು.

ಕಬ್ಬಿನ ದರದ ಬಗ್ಗೆ ನಿಮಗೆ ಬಂದಿರುವ ಮನವಿಗಳಿಗೆ ಲೆಕ್ಕವಿರಲಿಕ್ಕಿಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ಕೊನೆಗೆ ರಾಜ್ಯ ಸರ್ಕಾರ 3,300ಕ್ಕೆ ಮಾತು ಮುಗಿಸಿತು. ಅದರ ಕಾವು ನಮ್ಮ ಮುಧೋಳದ ಕಡೆಗೂ ಬಂತು. ತಪ್ಪು ರಾಜ್ಯದ್ದೋ ಕೇಂದ್ರದ್ದೋ ಅಂತ ಆಮೇಲೆ ಬೇಕಾದಷ್ಟು ಜಗಳವಾಯಿತು. ಆ ಜಗಳವನ್ನು ನಾನಿಲ್ಲಿ ಮುಂದುವರಿಸುವುದಿಲ್ಲ. ನಮ್ಮ ಕಬ್ಬಿನ ಮೇಲೆ ಜಿನೀವಾದಲ್ಲಿ ಇನ್ನೊಂದು ಕೇಸು ನಡೆದಿದೆ. ಅದರಲ್ಲಿ ಭಾರತ ಸೋತಿದೆ ಕೂಡ. ಊರಲ್ಲಿ ಯಾರಿಗೂ ಅದರ ಸುದ್ದಿ ಇಲ್ಲ. ಸಭೆಗಳಲ್ಲಿ ನೀವಾಗಲಿ, ನಿಮ್ಮ ಎದುರಾಳಿಗಳಾಗಲಿ ಅದರ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ ಮತ್ತು ಗ್ವಾಟೆಮಾಲಾ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಭಾರತ ಕಬ್ಬು ಬೆಳೆಗಾರರಿಗೆ ಮಿತಿ ಮೀರಿ ಬೆಂಬಲ ಕೊಡುತ್ತಿದೆ, ಸಕ್ಕರೆ ರಫ್ತಿಗೂ ಸಬ್ಸಿಡಿ ಕೊಡುತ್ತಿದೆ ಅನ್ನುವುದು ದೂರು. 2021ರ ಡಿಸೆಂಬರ್ 14ರಂದು ವಿಚಾರಣಾ ಸಮಿತಿಯ ವರದಿ ಬಂತು. ಎರಡೂ ನಿಜ ಅಂತ ಹೇಳಿತು.

ಈ 'ಬೆಂಬಲ'ದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಸರ್ಕಾರ ಕೊಡುವ ದುಡ್ಡಲ್ಲ. ಸರ್ಕಾರ ದರ ಗೊತ್ತು ಮಾಡುತ್ತದೆ, ಕೊಡಬೇಕಾದದ್ದು ಕಾರ್ಖಾನೆ. ಕಬ್ಬು ಹೋದ 14 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕು ಅಂತ ಕಬ್ಬು ನಿಯಂತ್ರಣ ಆದೇಶದಲ್ಲಿದೆ. (ಆ ಬಡ್ಡಿ ಯಾರ ಕೈಗೆ ಬಂದಿದೆ ಅಂತ ನನ್ನನ್ನು ಕೇಳಬೇಡಿ.) ಖಜಾನೆಯಿಂದ ಒಂದು ಪೈಸೆ ಹೋಗದಿದ್ದರೂ ಜಿನೀವಾದಲ್ಲಿ ಇದು ಸರ್ಕಾರಿ ಬೆಂಬಲ. ಸರ್ಕಾರ ಕೊಳ್ಳುವುದೇ ಇಲ್ಲವಲ್ಲ ಅಂತ ಭಾರತ ವಾದಿಸಿತು. ಸಮಿತಿ ಒಪ್ಪಲಿಲ್ಲ.

ಲೆಕ್ಕ ಹಾಕುವ ರೀತಿ ಇನ್ನೂ ವಿಚಿತ್ರ. ಆ ಸಂಸ್ಥೆಯ ಕೃಷಿ ಒಪ್ಪಂದದಲ್ಲಿ 1986ರಿಂದ 1988ರವರೆಗಿನ ಬೆಲೆಯನ್ನು ಗೂಟ ಹೊಡೆದ ಹಾಗೆ ನಿಲ್ಲಿಸಿದ್ದಾರೆ. ಈಗಿನ ದರದಲ್ಲಿ ಆ ಹಳೆಯ ದರವನ್ನು ಕಳೆಯಬೇಕು. ಉಳಿದದ್ದನ್ನು ಆ ದರ ಸಿಗಬೇಕಾದ ಅಷ್ಟೂ ಕಬ್ಬಿಗೆ ಗುಣಿಸಬೇಕು. ಬಂದ ಮೊತ್ತ ಬೆಳೆಯ ಒಟ್ಟು ಬೆಲೆಯಲ್ಲಿ ನೂರಕ್ಕೆ 10 ದಾಟಿದರೆ ನಾವು ತಪ್ಪಿತಸ್ಥರು. ಇಷ್ಟು ವರ್ಷಗಳ ಬೆಲೆ ಏರಿಕೆಯೆಲ್ಲ ರೈತನಿಗೆ ಕೊಟ್ಟ ಸಬ್ಸಿಡಿ ಅಂತಲೇ ಲೆಕ್ಕಕ್ಕೆ ಬಿತ್ತು. ಆ ಕಾಲದ ಡೀಸೆಲ್ ದರಕ್ಕೆ ಈಗ ಟ್ರ್ಯಾಕ್ಟರ್ ಓಡುತ್ತದಾ? ಆ ಕಾಲದ ಕೂಲಿಗೆ ಕಟಾವು ಗ್ಯಾಂಗು ಹೊಲಕ್ಕೆ ಇಳಿಯುತ್ತದಾ? ಇದು ಅನ್ಯಾಯ. ನಮ್ಮ ಸರ್ಕಾರವೂ ವರ್ಷಗಳಿಂದ ಇದನ್ನೇ ಹೇಳುತ್ತಿದೆ, ಸರಿಯಾಗಿಯೇ ಹೇಳುತ್ತಿದೆ.

ಆದರೆ ಸಾಹೇಬರೇ, ಹೇಳುತ್ತಿರುವುದು ಹೆಚ್ಚಾಗಿ ಗೋಧಿ, ಭತ್ತದ ಪರವಾಗಿ. ಮಿತಿ ದಾಟಿದರೂ ಕೇಸು ಹಾಕುವಂತಿಲ್ಲ ಅಂತ 2013ರಲ್ಲಿ ಬಾಲಿಯಲ್ಲಿ ಆದ ತಾತ್ಕಾಲಿಕ ರಕ್ಷಣೆಯ ಒಪ್ಪಂದ ಸರ್ಕಾರ ದಾಸ್ತಾನು ಮಾಡುವ ಆಹಾರ ಧಾನ್ಯಗಳಿಗೆ ಮಾತ್ರ. ಅದನ್ನು ಗಟ್ಟಿ ಮಾಡಿಕೊಳ್ಳಲು 2014ರಲ್ಲಿ ಭಾರತ ಇಡೀ ವಿಶ್ವ ವ್ಯಾಪಾರ ಸಂಸ್ಥೆಯ ಇನ್ನೊಂದು ಒಪ್ಪಂದವನ್ನೇ ತಡೆದು ನಿಲ್ಲಿಸಿತ್ತು. ಅಷ್ಟು ಹಟ ಹಿಡಿಯುವ ತಾಕತ್ತು ನಮ್ಮ ದೇಶಕ್ಕಿದೆ. ಜಗತ್ತಿನ ಮುಂದೆ 'ನಮ್ಮ ರೈತ' ಅಂತ ಹೇಳುವಾಗ ಪಂಜಾಬಿನ ಭತ್ತ ನೆನಪಾಗುತ್ತದೆ, ಜಮಖಂಡಿಯ ಕಬ್ಬು ನೆನಪಾಗುವುದಿಲ್ಲ. ಅದನ್ನು ನೆನಪಿಸಬೇಕಾದವರು ನೀವು.

ಮೇಲ್ಮನವಿಯ ಕಥೆಯಂತೂ ಕೇಳುವುದೇ ಬೇಡ. 2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಹಾಕಿತು. ಅದನ್ನು ಕೇಳುವ ವಿಶ್ವ ವ್ಯಾಪಾರ ಸಂಸ್ಥೆಯ ಪೀಠದಲ್ಲಿ ಏಳು ಜನ ಇರಬೇಕು, ಒಂದು ಕೇಸು ಕೇಳಲು ಮೂವರಾದರೂ ಬೇಕು. ಅಮೆರಿಕ ಹೊಸ ನೇಮಕಗಳನ್ನು ತಡೆಯುತ್ತಲೇ ಬಂದಿದ್ದರಿಂದ 2019ರ ಡಿಸೆಂಬರಿನಿಂದ ಮೂವರೂ ಉಳಿದಿಲ್ಲ. ಕೇಳುವವರಿಲ್ಲದ ಕೋರ್ಟಿಗೆ ಅರ್ಜಿ ಹಾಕಿ ನಾವು ಬಚಾವಾಗಿದ್ದೇವೆ. ವರದಿ ಅಧಿಕೃತವಾಗದೆ ತೂಗಾಡುತ್ತಿದೆ.

ಇದರಲ್ಲಿ ಅನುಕೂಲ ಇದೆ, ನಿಜ. ಆದರೆ 2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಅನೇಕ ಸರಕುಗಳ ಮೇಲೆ ನೂರಕ್ಕೆ 50 ಸುಂಕ ಹೇರಿದಾಗ ಏನಾಯಿತು? ದೂರು ಕೊಟ್ಟು ಕೊನೆಯ ತನಕ ಗೆಲ್ಲಬಹುದಾದ ಜಾಗ ನಮಗೂ ಇರಲಿಲ್ಲ. ಯುರೋಪಿಯನ್ ಒಕ್ಕೂಟ, ಚೀನಾ ಮತ್ತಿತರರು 2020ರಲ್ಲಿ ತಮ್ಮತಮ್ಮೊಳಗೆ ಒಂದು ಬದಲಿ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡರು. ನಮ್ಮ ಮೇಲೆ ದೂರು ಕೊಟ್ಟ ಮೂರೂ ದೇಶಗಳು ಅದರಲ್ಲಿವೆ. ಭಾರತ ಸೇರಲಿಲ್ಲ. ಹಳೆಯ ಪೀಠವೇ ಮತ್ತೆ ಬರಬೇಕು ಅನ್ನುವುದು ನಮ್ಮ ನಿಲುವು. ನಿಲುವೇನೋ ಸರಿ. ಅದಕ್ಕಾಗಿ ನಾವು ಎಷ್ಟು ಒತ್ತಡ ಹಾಕಿದ್ದೇವೆ ಅನ್ನುವುದೇ ನನ್ನ ಅನುಮಾನ. ಪೀಠ ಬಂದರೆ ಮೊದಲು ತೆರೆಯುವ ಕಡತಗಳಲ್ಲಿ ನಮ್ಮ ಸಕ್ಕರೆಯದೂ ಇರುತ್ತದೆ, ಅಲ್ವಾ?

ರಫ್ತು ಸಬ್ಸಿಡಿಯ ದೂರನ್ನು ಮಾತ್ರ ನಾನು ಸುಮ್ನೆ ತಳ್ಳಿಹಾಕುವುದಿಲ್ಲ. 2019-20ರಲ್ಲಿ ರಫ್ತಿಗೆ ಸರ್ಕಾರ ಟನ್ನಿಗೆ 10,448 ರೂಪಾಯಿ ಕೊಟ್ಟಿತ್ತು. ಆ ದುಡ್ಡು ಕಬ್ಬಿನ ಬಾಕಿ ತೀರಿಸಲು ಅಂತ ಹೇಳಿದ್ದರು. ಆದರೆ ಅದು ಬ್ರೆಜಿಲ್ಲಿನ ರೈತನ ಬೆಲೆಯನ್ನೂ ತಗ್ಗಿಸುತ್ತದೆ ಅನ್ನುವುದು ಸುಳ್ಳಲ್ಲ. ಮಜಾ ಏನೆಂದರೆ, ನಾವು ಅತಿ ಜಾಸ್ತಿ ಸಕ್ಕರೆ ಕಳಿಸಿದ್ದು ಸಬ್ಸಿಡಿ ನಿಂತ ಮೇಲೆ. 2021-22ರಲ್ಲಿ ಹೊರಗೆ ಒಳ್ಳೆಯ ಬೆಲೆ ಇತ್ತು, ಸುಮಾರು 110 ಲಕ್ಷ ಟನ್ ಹೋಯಿತು. ಆಗಲೇ, 2022ರ ಜೂನಿನಿಂದ, ರಫ್ತಿಗೆ ಅನುಮತಿ ಬೇಕು ಅಂತಾಯಿತು. ಮುಂದಿನ ವರ್ಷ ಸುಮಾರು 60 ಲಕ್ಷ ಟನ್ನಿಗೆ ಇಳಿಯಿತು. 2023-24ರಲ್ಲಿ ಬಾಗಿಲೇ ಬಂದ್. 2025ರ ಜನವರಿಯಲ್ಲಿ, ಹಂಗಾಮು ಅರ್ಧ ಮುಗಿದ ಮೇಲೆ, 10 ಲಕ್ಷ ಟನ್ ಕಳಿಸಬಹುದು ಅಂದರು. ಬೆಲೆ ಬಿದ್ದಾಗ ತಳ್ಳುವುದು, ಬೆಲೆ ಬಂದಾಗ ಹಿಡಿಯುವುದು!

ಉಳ್ಳಾಗಡ್ಡಿಗೂ ಇದೇ ಗತಿ. ಕೊಲ್ಹಾರ, ಬಸವನ ಬಾಗೇವಾಡಿ ಕಡೆಯ ಬೆಳೆಗಾರರನ್ನು ಕೇಳಿ ನೋಡಿ. 2023ರ ಆಗಸ್ಟಿನಲ್ಲಿ ನೂರಕ್ಕೆ 40 ರಫ್ತು ಸುಂಕ, ಡಿಸೆಂಬರಿನಲ್ಲಿ ಪೂರ್ತಿ ನಿಷೇಧ, 2024ರ ಮೇ ತಿಂಗಳಲ್ಲಿ ನಿಷೇಧ ಹೋಗಿ ಮತ್ತೆ ಸುಂಕ. ಸುಂಕ ಪೂರ್ತಿ ಹೋಗಲು 2025ರ ಏಪ್ರಿಲ್ ಬರಬೇಕಾಯಿತು.

ಅದೇ 2023 ನಮ್ಮ ಜಿ20 ಅಧ್ಯಕ್ಷತೆಯ ವರ್ಷ. ಜುಲೈನಲ್ಲಿ ಇಲ್ಲೇ ಹಂಪಿಯಲ್ಲಿ ಒಂದು ಸಭೆ ನಡೆಯಿತು. ಅದೇ ತಿಂಗಳು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆ ಅಕ್ಕಿಯನ್ನು ನಂಬಿ ಉಣ್ಣುವ ಎಷ್ಟೋ ದೇಶಗಳು ಆಫ್ರಿಕಾದಲ್ಲಿವೆ. ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ಆಫ್ರಿಕಾ ಒಕ್ಕೂಟಕ್ಕೆ ಜಿ20ರಲ್ಲಿ ಜಾಗ ಕೊಡಿಸಿದೆವು. ಅದು ದೊಡ್ಡ ಕೆಲಸ, ನನಗೂ ಹೆಮ್ಮೆ ಇದೆ. ಆದರೆ ಕೊಳ್ಳುವವನಿಗೆ ಬೇಕಾದದ್ದು ಖಾತ್ರಿ. ಒಂದು ವರ್ಷ ಸರಕು ಸಿಗದಿದ್ದರೆ ಅವನು ಮರುವರ್ಷ ಥಾಯ್ಲೆಂಡಿಗೆ ಫೋನು ಮಾಡುತ್ತಾನೆ.

ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ನಮ್ಮ ಪಾಲು ನೂರಕ್ಕೆ 2.75. ಬ್ರಿಟನ್ನಿನದು 4.23. ಆರ್ಥಿಕತೆಯ ಗಾತ್ರದಲ್ಲಿ ಬ್ರಿಟನ್ನಿಗೆ ಸರಿಸಮ ನಿಂತ ದೇಶಕ್ಕೆ ಇದು ಸಲ್ಲದ ಲೆಕ್ಕ. ಭದ್ರತಾ ಮಂಡಳಿಯ ಕುರ್ಚಿಯನ್ನೂ ಕೇಳಲೇಬೇಕು. ಆದರೆ ಜಗತ್ತಿನ ಸರಕು ರಫ್ತಿನಲ್ಲಿ ನಮ್ಮ ಪಾಲು ಇನ್ನೂ ನೂರಕ್ಕೆ ಎರಡೂ ಮುಟ್ಟಿಲ್ಲ. ಇರುವ ಆ ಸ್ವಲ್ಪ ವ್ಯಾಪಾರವನ್ನೂ ಹೀಗೆ ತೆರೆದು ಮುಚ್ಚಿ ಮಾಡಿದರೆ ಕುರ್ಚಿ ಕೇಳುವ ದನಿಗೆ ತೂಕ ಎಲ್ಲಿಂದ ಬರಬೇಕು?

ಈಗ ನನ್ನ ಬೇಡಿಕೆ. ಮುಂದಿನ ಅಧಿವೇಶನದಲ್ಲಿ ವಾಣಿಜ್ಯ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಸಕ್ಕರೆ ಕೇಸು ಎಲ್ಲಿದೆ, ಪೀಠ ಮತ್ತೆ ಶುರುವಾಗಿ ಅಲ್ಲೂ ಸೋತರೆ ಎಫ್‌ಆರ್‌ಪಿಗೆ ಏನಾಗುತ್ತದೆ ಅಂತ ಲಿಖಿತ ಉತ್ತರ ಬರಲಿ. ಬ್ರೆಜಿಲ್ ಜೊತೆ ನೇರವಾಗಿ ಕೂತು ಬಗೆಹರಿಸಿಕೊಳ್ಳುವ ದಾರಿಯೂ ಇದೆ. ದೆಹಲಿಯ ಜಿ20ರಲ್ಲೇ ಭಾರತ, ಬ್ರೆಜಿಲ್, ಅಮೆರಿಕ ಸೇರಿ ಜೈವಿಕ ಇಂಧನ ಕೂಟ ಕಟ್ಟಿದವಲ್ಲ. ಎಥೆನಾಲ್‌ಗೆ ಗೆಳೆಯ, ಸಕ್ಕರೆಗೆ ವೈರಿ ಅಂತ ಎಷ್ಟು ದಿನ ಇರಲು ಆಗುತ್ತದೆ? ಎಥೆನಾಲ್‌ಗೆ ಹೋಗುವ ಕಬ್ಬು ಜಾಸ್ತಿಯಾದರೆ ಅವರ ತಕರಾರೂ ಕಡಿಮೆಯಾಗುತ್ತದೆ. ಹಾಗಂತ 2023ರ ಡಿಸೆಂಬರಿನಲ್ಲಿ ಮಾಡಿದ ಹಾಗೆ ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನು ನಡುಹಂಗಾಮಿನಲ್ಲಿ ತಡೆಯಬಾರದು.

ಇನ್ನು ರಫ್ತಿನ ಪ್ರಮಾಣವನ್ನು ಗಾಣ ಶುರುವಾಗುವ ಮುಂಚೆ, ಸೆಪ್ಟೆಂಬರಿನೊಳಗೆ ಹೇಳಿಬಿಡಲಿ. ಕಡಿಮೆಯಿದ್ದರೂ ಪರವಾಗಿಲ್ಲ, ಮೊದಲೇ ಗೊತ್ತಾಗಲಿ. ಸಕ್ಕರೆಯ ಕನಿಷ್ಠ ಮಾರಾಟ ಬೆಲೆ 2019ರ ಫೆಬ್ರವರಿಯಲ್ಲಿ ಕೆಜಿಗೆ 31 ರೂಪಾಯಿ ಆಯಿತು. ಗುರ್ಲಾಪುರದಲ್ಲಿ ರೈತರು ಕೂತಾಗಲೂ ಅದೇ 31. ಅಷ್ಟರಲ್ಲಿ ಎಫ್‌ಆರ್‌ಪಿ ಕ್ವಿಂಟಲಿಗೆ 275ರಿಂದ 355ಕ್ಕೆ ಏರಿತ್ತು. ಕಾರ್ಖಾನೆಯವರು ಇದನ್ನೇ ನೆಪ ಮಾಡಿ ಬಿಲ್ಲು ತಡ ಮಾಡುತ್ತಾರೆ. ನೆಪವನ್ನಾದರೂ ಅವರ ಕೈಯಿಂದ ಕಿತ್ತುಕೊಳ್ಳಿ.

ಉತ್ತರ ಬಂದರೆ ಅದನ್ನು ಕನ್ನಡದಲ್ಲಿ ಹೊರಡಿಸಿ. ಮುಧೋಳದಲ್ಲೋ ಜಮಖಂಡಿಯಲ್ಲೋ ಒಂದು ಸಭೆ ಕರೆದು ಓದಿಸಿ. ಹಂಗಾಮು ಶುರುವಾದ ಮೇಲೆ ನಮಗೆ ಪುರುಸೊತ್ತು ಇರುವುದಿಲ್ಲ, ಅದಕ್ಕೆ ಮುಂಚೆ ಆದರೆ ಒಳ್ಳೆಯದು.

ಇಂತಿ ನಿಮ್ಮ,
ಜಮಖಂಡಿ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ